ಠಾಣೆಯ ಮೆಟ್ಟಿಲು ಹತ್ತದವರು

ಬರುವ ಆಗಸ್ಟ್‌ನಲ್ಲಿ ಸ್ನಾತಕೋತ್ತರ ಓದಿಗೆಂದು ಅಮೆರಿಕದ ಒಹಾಯೊ ರಾಜ್ಯಕ್ಕೆ ಹೊರಟಿರುವ ನೀವು ಬರೆದ ಪತ್ರ ತಲುಪಿತು. ಬಾಡಿಗೆ ಮನೆ, ಕಾರಿನ ವಿಮೆ, ಚಳಿಯ ಉಡುಪುಗಳ ವಿಚಾರದ ನಡುವೆ ನೀವು ಕೇಳಿರುವ ಒಂದು ಪ್ರಶ್ನೆ ನನ್ನನ್ನು ಎರಡು ದಿನ ಬಿಡದೆ ಕಾಡಿತು. ಅಲ್ಲಿನ ಪೊಲೀಸರನ್ನು ನಂಬಬಹುದೇ, ಅವರು ತಡೆದು ನಿಲ್ಲಿಸಿದರೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದ್ದೀರಿ. ಪೊಲೀಸರ ಉಸಾಬರಿ ಬೇಡ, ಯಾರ ಗೊಡವೆಗೂ ಹೋಗಬೇಡ, ನೀನಾಯಿತು ನಿನ್ನ ಓದಾಯಿತು ಎಂದು ನಿಮ್ಮ ತಂದೆಯವರು ಬುದ್ಧಿ ಹೇಳಿದ್ದನ್ನೂ ಬರೆದಿದ್ದೀರಿ. 1998ರ ಜನವರಿಯಲ್ಲಿ, ಮುಂಬಯಿಯಿಂದ ವಿಮಾನ ಹಿಡಿಯಬೇಕಾಗಿದ್ದ ನನ್ನನ್ನು ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸುವಾಗ ನನ್ನ ತಂದೆಯವರು ಹೇಳಿದ್ದೂ ಇದೇ ಮಾತು.

ಮನೆಯ ವಿಚಾರವನ್ನು ನಿಮ್ಮ ವಿಶ್ವವಿದ್ಯಾಲಯದ ಭಾರತೀಯ ವಿದ್ಯಾರ್ಥಿ ಸಂಘದವರು ನನಗಿಂತ ಚೆನ್ನಾಗಿ ಬಲ್ಲರು. ವಿಮೆಯಿಲ್ಲದೆ ಒಂದು ದಿನವೂ ಕಾರು ಓಡಿಸಬೇಡಿ. ಉಡುಪನ್ನು ಇಲ್ಲಿಯೇ ಕೊಳ್ಳಿ. ಊರಿನ ಸ್ವೆಟರು ಇಲ್ಲಿನ ಜನವರಿಗೆ ಸಾಲದು.

ನಾನು ಬಂದ ನಾಲ್ಕನೆಯ ತಿಂಗಳಲ್ಲಿ ನನ್ನ ಕಾರಿನ ಹಿಂದೆ ಕೆಂಪು ನೀಲಿ ದೀಪಗಳು ಮಿನುಗಿದವು. ನಾನು ಕಾರನ್ನು ಬದಿಗೆ ನಿಲ್ಲಿಸಿ, ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದು, ಇಳಿದು ಅಧಿಕಾರಿಯ ಕಡೆಗೆ ನಡೆದೆ. ನಮ್ಮಲ್ಲಿ ಅದೇ ಮರ್ಯಾದೆ. ಇನ್‌ಸ್ಪೆಕ್ಟರ್ ಜೀಪಿನ ಪಕ್ಕದಲ್ಲಿ ನಿಂತಿರುವಾಗ ನಾವು ಕುಳಿತಲ್ಲಿಂದ ಉತ್ತರಿಸಿದರೆ ಅದು ಉದ್ಧಟತನವಾಗುತ್ತದೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಆ ಯುವಕ ಅಧಿಕಾರಿ ಒಂದು ಕೈಯನ್ನು ಪಿಸ್ತೂಲಿನ ಮೇಲಿಟ್ಟು, ಒಳಗೆ ಹೋಗಿ ಕೂರುವಂತೆ ಕೂಗಿಕೊಂಡ. ಅವನ ಕೈ ನಡುಗುತ್ತಿದ್ದುದನ್ನು ನಾನು ಕಂಡೆ. ಇಲ್ಲಿ ಯಾರ ಬಳಿಯಾದರೂ ಬಂದೂಕು ಇರಬಹುದು, ಆದ್ದರಿಂದ ಪ್ರತಿಯೊಬ್ಬರನ್ನೂ ಶಂಕೆಯಿಂದಲೇ ನೋಡಬೇಕೆಂಬ ತರಬೇತಿ ಪಡೆದು ಬಂದವರು ಇವರು. ಹೀಗಾಗಿ ಇಳಿಯಬೇಡಿ, ಇಳಿಯಲು ಹೇಳಿದರೆ ಮಾತ್ರ ಇಳಿಯಿರಿ. ಎರಡೂ ಕೈಗಳು ಸ್ಟಿಯರಿಂಗಿನ ಮೇಲೆ ಕಾಣುವಂತಿರಲಿ, ಕಾಗದ ತೆಗೆಯುವ ಮೊದಲು ತೆಗೆಯುತ್ತೇನೆಂದು ಹೇಳಿ ತೆಗೆಯಿರಿ. ದಂಡವನ್ನು ಅಲ್ಲಿಯೇ ಕೈಗೆ ಕೊಟ್ಟು ಮುಗಿಸುವ ಯೋಚನೆಯೂ ಮನಸ್ಸಿನಲ್ಲಿ ಸುಳಿಯದಿರಲಿ. ಅದು ದಂಡಕ್ಕಿಂತ ಬಹಳ ದೊಡ್ಡ ಅಪರಾಧ.

ಕಾರನ್ನು ಶೋಧಿಸಬಹುದೇ ಎಂದು ಕೇಳಿದಾಗ ನಮ್ಮ ಬಾಯಿಂದ ತಾನಾಗಿ ಬರುವ "ಆಗಬಹುದು ಸಾರ್" ಎಂಬ ಮಾತನ್ನು ತಡೆದುಕೊಳ್ಳಿ. ಹೋಗಲು ನಿಮಗೆ ಸ್ವಾತಂತ್ರ್ಯವಿದೆ ಎಂದು ಮೊದಲು ತಿಳಿಸಿ ಆಮೇಲೆ ಒಪ್ಪಿಗೆ ಕೇಳಬೇಕೆಂಬ ಕಟ್ಟುಪಾಡು ಪೊಲೀಸರಿಗಿಲ್ಲವೆಂದು 1996ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆ ಪ್ರಕರಣ ಹುಟ್ಟಿದ್ದು ನೀವು ಬರುತ್ತಿರುವ ಈ ಒಹಾಯೊದಲ್ಲಿಯೇ. ಒಪ್ಪುವುದಿಲ್ಲವೆಂದು ವಿನಯದಿಂದ ಹೇಳುವುದು ನಿಮ್ಮ ಹಕ್ಕು; ಆಮೇಲೂ ಶೋಧಿಸಿದರೆ ಅಡ್ಡಿಪಡಿಸಬೇಡಿ, ಅದರ ವಾದ ನ್ಯಾಯಾಲಯದಲ್ಲಿ ನಡೆಯಲಿ.

ಇನ್ನು ನಂಬಿಕೆಯ ಮಾತು. ನಮ್ಮಲ್ಲಿ ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಪಡೆ, ಅದಕ್ಕೊಬ್ಬ ಮಹಾನಿರ್ದೇಶಕ. ಈ ದೇಶದಲ್ಲಿ ಸುಮಾರು 18,000 ಪ್ರತ್ಯೇಕ ಪೊಲೀಸ್ ಸಂಸ್ಥೆಗಳಿವೆ. ಊರಿಗೊಂದು, ನಮ್ಮ ಜಿಲ್ಲೆಯಂಥ ಕೌಂಟಿಗೆ ಶೆರಿಫ್ ಎಂಬ ಚುನಾಯಿತ ಪೊಲೀಸ್ ಮುಖ್ಯಸ್ಥ, ಹೆದ್ದಾರಿಗೆ ಇನ್ನೊಂದು. ನಿಮ್ಮ ವಿಶ್ವವಿದ್ಯಾಲಯಕ್ಕೂ ತನ್ನದೇ ಪೊಲೀಸರು ಇರಬಹುದು. ಹಾಗಾಗಿ ಒಂದು ಊರಿನಲ್ಲಿ ಅಯೋಗ್ಯನೆನಿಸಿಕೊಂಡವನು ಪಕ್ಕದ ಊರಿನಲ್ಲಿ ಸಮವಸ್ತ್ರ ತೊಡಲು ಸಾಧ್ಯವಾಗುತ್ತದೆ. 2014ರ ನವೆಂಬರ್ 22ರಂದು ಇದೇ ಒಹಾಯೊದ ಕ್ಲೀವ್‌ಲ್ಯಾಂಡಿನ ಉದ್ಯಾನವೊಂದರಲ್ಲಿ ಆಟಿಕೆ ಪಿಸ್ತೂಲು ಹಿಡಿದಿದ್ದ 12 ವರ್ಷದ ಕಪ್ಪು ಬಾಲಕ ಟಮೀರ್ ರೈಸ್‌ನನ್ನು, ಪೊಲೀಸ್ ಕಾರು ಬಂದು ನಿಂತ ಎರಡೇ ಸೆಕೆಂಡುಗಳಲ್ಲಿ ಒಬ್ಬ ಅಧಿಕಾರಿ ಗುಂಡಿಟ್ಟು ಕೊಂದ. ಪಿಸ್ತೂಲು ನಕಲಿ ಇರಬಹುದು ಎಂದು ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಿದವರು ಹೇಳಿದ್ದರು. ಆ ಮಾತು ಅಧಿಕಾರಿಗಳನ್ನು ತಲುಪಲೇ ಇಲ್ಲ. ಗುಂಡು ಹಾರಿಸಿದವನು ಈ ಕೆಲಸಕ್ಕೆ ತಕ್ಕವನಲ್ಲವೆಂದು ಅವನು ಹಿಂದೆ ಇದ್ದ ಚಿಕ್ಕ ಊರಿನ ಮೇಲಧಿಕಾರಿಗಳು ಬರೆದಿಟ್ಟಿದ್ದರು. ನೇಮಕ ಮಾಡಿಕೊಂಡ ನಗರ ಆ ಕಡತವನ್ನು ತೆರೆದು ನೋಡಿರಲಿಲ್ಲ.

ಈ ಪ್ರಶ್ನೆಗೆ ಇಲ್ಲಿನವರದೂ ಒಂದೇ ಉತ್ತರವಲ್ಲ. ಪೊಲೀಸರ ಮೇಲೆ ಎಷ್ಟು ಭರವಸೆಯಿದೆ ಎಂದು ಗ್ಯಾಲಪ್ ಸಂಸ್ಥೆ 1993ರಿಂದ ಕೇಳುತ್ತಾ ಬಂದಿದೆ. ಆ ಪ್ರಮಾಣ 2020ರಲ್ಲಿ ಮೊದಲ ಸಲ ಅರ್ಧಕ್ಕಿಂತ ಕೆಳಗಿಳಿದು ಶೇ. 48 ಆಯಿತು. ಬಿಳಿಯರಲ್ಲಿ ಅದು ಶೇ. 56, ಕಪ್ಪು ಜನರಲ್ಲಿ ಶೇ. 19. ನಾವು, ಅಂದರೆ ತೆರಿಗೆ ಕಟ್ಟಿಕೊಂಡು ತಲೆತಗ್ಗಿಸಿ ಬದುಕುವ ಭಾರತೀಯರು, ಬಿಳಿಯರ ಸಾಲಿನಲ್ಲಿಯೇ ಇದ್ದೇವೆಂದು ಬಹುಕಾಲ ನಂಬಿಕೊಂಡಿದ್ದೆವು. 2015ರ ಫೆಬ್ರುವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಎಂಬಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ, ಇಂಗ್ಲಿಷ್ ಬಾರದ 57 ವರ್ಷದ ಒಬ್ಬ ಅಜ್ಜ ಮಗನ ಮನೆಯ ಬೀದಿಯಲ್ಲಿ ನಡೆದಾಡುತ್ತಿದ್ದರು. ಯಾರೋ ಅಪರಿಚಿತ ಕಪ್ಪು ಮನುಷ್ಯ ಓಡಾಡುತ್ತಿದ್ದಾನೆಂದು ನೆರೆಯವರೊಬ್ಬರು ಕರೆ ಮಾಡಿದರು. ಬಂದ ಅಧಿಕಾರಿ ಅವರನ್ನು ನೆಲಕ್ಕೆ ಬೀಳಿಸಿದ. ಅವರು ಭಾಗಶಃ ಪಾರ್ಶ್ವವಾಯುವಿಗೆ ತುತ್ತಾದರು. ಎರಡು ಸಲ ಜ್ಯೂರಿಗಳು ಒಮ್ಮತಕ್ಕೆ ಬಾರದೆ ಹೋದ ಮೇಲೆ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆ ಮಾಡಿದರು. ಆ ಘಟನೆಯ ಚಿತ್ರೀಕರಣವನ್ನು ದೂರದರ್ಶನದಲ್ಲಿ ನೋಡುತ್ತಿದ್ದಾಗ ನನ್ನ ಪತ್ನಿ ನನ್ನ ಮುಖ ನೋಡಿದಳು. ನಾನು ಎದ್ದು ಹೊರಗೆ ಹೋದೆ. ಅದರ ಕಾರಣವನ್ನು ನಿಮಗೆ ಹೇಳಬೇಕೆಂದೇ ಇಷ್ಟು ಬರೆದೆ.

2004ರ ಅಕ್ಟೋಬರ್ ತಿಂಗಳ ಒಂದು ಸಂಜೆ. ನಮ್ಮ ಪಕ್ಕದ ಮನೆಯಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದ ಒಬ್ಬ ಕಪ್ಪು ಗೃಹಸ್ಥರಿದ್ದರು. ನನ್ನ ಮೊದಲ ಚಳಿಗಾಲದಲ್ಲಿ ಕಾರಿನ ಬ್ಯಾಟರಿ ಸತ್ತಾಗ ತಾವಾಗಿ ಬಂದು ಚಾಲೂ ಮಾಡಿಕೊಟ್ಟವರು, ಹಿಮ ಗೋರುವಾಗ ಸೊಂಟ ಉಳುಕದಂತೆ ನಿಲ್ಲುವುದನ್ನು ಕಲಿಸಿದವರು. ಅಂದು ಬೀಗದ ಕೈಯನ್ನು ಒಳಗೇ ಮರೆತು, ತಮ್ಮ ಮನೆಯ ಹಿಂಬದಿಯ ಕಿಟಕಿ ತೆರೆಯಲು ನೋಡುತ್ತಿದ್ದರು. ಯಾರು ಕರೆ ಮಾಡಿದರೋ, ಇಬ್ಬರು ಅಧಿಕಾರಿಗಳು ಬಂದರು. ಇದು ನನ್ನದೇ ಮನೆ ಎಂದು ಅವರು ಹೇಳಿದ್ದು ಮಹಡಿಯ ಕಿಟಕಿಯಲ್ಲಿ ನಿಂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಅವರ ಕೈಗಳು ಮೇಲಿದ್ದವು. ಆದರೂ ಅವರನ್ನು ಹುಲ್ಲಿನ ಮೇಲೆ ಬೋರಲು ಕೆಡವಿ, ಬೆನ್ನಿನ ಮೇಲೆ ಮೊಣಕಾಲೂರಿ, ಕೈಕೋಳ ತೊಡಿಸಿದ ಮೇಲೆಯೇ ಗುರುತಿನ ಚೀಟಿ ನೋಡಿದರು. ಅವರ ಭುಜದ ಕೀಲು ತಪ್ಪಿತ್ತು. ನಾನು ಇಪ್ಪತ್ತು ಹೆಜ್ಜೆ ನಡೆದು, ಇವರು ಈ ಮನೆಯವರು ಎಂದು ಒಂದು ಮಾತು ಹೇಳಬಹುದಾಗಿತ್ತು. ಹೋಗಿ ಹೇಳಿ ಎಂದು ಪತ್ನಿ ಹೇಳಿದಳು. ನಾನು ಕೋಣೆಯ ದೀಪ ಆರಿಸಿದೆ.

ವಾರದ ನಂತರ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಅವರು ನಮ್ಮ ಬಾಗಿಲಿಗೆ ಬಂದರು. ದೂರು ಕೊಟ್ಟಿದ್ದರು, ಇವರೇ ಪ್ರತಿರೋಧ ತೋರಿದರೆಂದು ಅಧಿಕಾರಿಗಳು ವರದಿ ಬರೆದಿದ್ದರು. ನೀವು ಏನಾದರೂ ನೋಡಿದಿರಾ ಎಂದು ಕೇಳಿದರು. ನಾನು ಅಡುಗೆಮನೆಯಲ್ಲಿದ್ದೆ ಎಂದೆ. ಆಗ ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಪರಿಶೀಲನೆಯಲ್ಲಿತ್ತು, ಅದೊಂದು ಭಯ. ಅದಕ್ಕಿಂತ ಆಳದಲ್ಲಿ ತಿಪಟೂರಿನ ಭಯವಿತ್ತು. ನನ್ನ ಬಾಲ್ಯದಲ್ಲಿ ನಮ್ಮ ಕೇರಿಯ ಕೊಬ್ಬರಿ ಮಂಡಿಯ ಗುಮಾಸ್ತರೊಬ್ಬರು ಬಸ್ಸಿನ ಅಪಘಾತವೊಂದಕ್ಕೆ ಸಾಕ್ಷಿ ಹೇಳಲು ಹೋಗಿ, ವರ್ಷಗಟ್ಟಲೆ ಠಾಣೆ, ಕೋರ್ಟು, ಕಚೇರಿ ಎಂದು ಅಲೆದು ಹಣ್ಣಾಗಿದ್ದರು. ಠಾಣೆಯ ಮೆಟ್ಟಿಲು ಹತ್ತಿದ ಮನೆತನವಲ್ಲ ನಮ್ಮದು ಎಂದು ನನ್ನ ತಂದೆಯವರು ಹೆಮ್ಮೆಯಿಂದ ಹೇಳುತ್ತಿದ್ದರು. ಪ್ರಜೆಗಳನ್ನು ಹದ್ದುಬಸ್ತಿನಲ್ಲಿಡಲೆಂದು ಪರಕೀಯರು 1861ರಲ್ಲಿ ಮಾಡಿದ ಪೊಲೀಸ್ ಕಾಯ್ದೆಯ ನೆರಳು ಇನ್ನೂ ಸರಿಯದ ನಾಡಿನಲ್ಲಿ ಅದು ವಿವೇಕದ ಮಾತೇ ಆಗಿತ್ತು, ಅವರನ್ನು ನಾನು ದೂರಲಾರೆ. ಆ ವಿವೇಕವನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಬಂದು, ಉಪಕಾರ ಮಾಡಿದವರ ಮುಂದೆ ಬಿಚ್ಚಿದವನು ನಾನು.

ಪೊಲೀಸರ ಮೇಲಿನ ದೂರನ್ನು ಅದೇ ಪೊಲೀಸ್ ಇಲಾಖೆಯ ಒಳಗಿನವರೇ ವಿಚಾರಿಸಿದರು. ಸಾಕ್ಷಿಯಿಲ್ಲವೆಂದು ದೂರು ಮುಚ್ಚಿಹೋಯಿತು. ಅವರು ಮೂರು ವರ್ಷಗಳ ನಂತರ ಮನೆ ಮಾರಿ ಹೋಗುವವರೆಗೂ ಬೆಳಿಗ್ಗೆ ಕೈಯೆತ್ತಿ ನಮಸ್ಕರಿಸುವುದನ್ನು ಬಿಡಲಿಲ್ಲ. ಹಿಮ ಗೋರಲು ಮಾತ್ರ ಆ ಭುಜ ಅವರಿಗೆ ಸಹಕರಿಸುತ್ತಿರಲಿಲ್ಲ.

2020ರ ಮೇ 25ರಂದು ಮಿನಿಯಾಪೊಲಿಸಿನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಒಬ್ಬ ಅಧಿಕಾರಿ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಮೊಣಕಾಲೂರಿದಾಗ, ಅಲ್ಲಿನ ಪೊಲೀಸರ ಮೊದಲ ಪ್ರಕಟಣೆ ಅದನ್ನು ವೈದ್ಯಕೀಯ ತೊಂದರೆಯೆಂದು ಕರೆದಿತ್ತು. 17 ವರ್ಷದ ಒಬ್ಬ ಹುಡುಗಿ ಪಾದಚಾರಿ ಹಾದಿಯಲ್ಲಿ ಅಲುಗದೆ ನಿಂತು ಫೋನಿನಲ್ಲಿ ಚಿತ್ರೀಕರಿಸದೆ ಹೋಗಿದ್ದರೆ ಆ ಪ್ರಕಟಣೆಯೇ ಉಳಿಯುತ್ತಿತ್ತು. ಮರುವರ್ಷ ಆ ಅಧಿಕಾರಿಗೆ ಶಿಕ್ಷೆಯಾಯಿತು. ಆ ಬೇಸಿಗೆಯಲ್ಲಿ ನಾನು ಹಳೆಯ ನೆರೆಯವರ ವಿಳಾಸ ಹುಡುಕಿ, ಅಂದು ಎಲ್ಲವನ್ನೂ ಕಂಡಿದ್ದೆನೆಂದು ಪತ್ರ ಬರೆದೆ. ಉತ್ತರ ಬರಲಿಲ್ಲ. ನಿರೀಕ್ಷಿಸುವ ಹಕ್ಕೂ ನನಗಿಲ್ಲ.

ನಿಮ್ಮ ಭಯ ನಿರಾಧಾರವೆಂದು ನಾನು ಹೇಳುತ್ತಿಲ್ಲ. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ವಾಸ್ತವ್ಯದ ದಾಖಲೆಗಳನ್ನು ಸರ್ಕಾರ ಏಕಾಏಕಿ ರದ್ದುಮಾಡಿತು. ಅವರಲ್ಲಿ ಎಷ್ಟೋ ಮಂದಿಯ ಮೇಲೆ ಇದ್ದದ್ದು ಸಣ್ಣ ಸಂಚಾರ ಪ್ರಕರಣ, ಇಲ್ಲವೇ ವಜಾ ಆದ ಆರೋಪ. ನ್ಯಾಯಾಲಯಗಳು ತಡೆದ ಮೇಲೆ ದಾಖಲೆಗಳು ಮರಳಿದವು. ಹೀಗಿರುವಾಗ ಬೀದಿಯಲ್ಲಿ ಅಧಿಕಾರಿಯೊಡನೆ ವಾದಕ್ಕೆ ನಿಲ್ಲಿ ಎಂದು ನಿಮ್ಮ ತಂದೆಯ ವಯಸ್ಸಿನ ನಾನು ಹೇಳಲಾರೆ. ಆದರೆ ಸಾರ್ವಜನಿಕ ಜಾಗದಲ್ಲಿ ಪೊಲೀಸರ ಕೆಲಸಕ್ಕೆ ಅಡ್ಡಬಾರದೆ ದೂರದಿಂದ ಚಿತ್ರೀಕರಿಸುವ ಹಕ್ಕನ್ನು ಇಲ್ಲಿನ ಹಲವು ಮೇಲ್ಮನವಿ ನ್ಯಾಯಾಲಯಗಳು ಎತ್ತಿಹಿಡಿದಿವೆ. ಕಂಡದ್ದನ್ನು ಅದೇ ರಾತ್ರಿ ದಿನಾಂಕ, ವೇಳೆ ಸಹಿತ ಬರೆದಿಡಬಹುದು. ಹೇಳಿಕೆ ಕೊಡುವ ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯವರನ್ನೂ ಒಬ್ಬ ವಕೀಲರನ್ನೂ ಕೇಳಬಹುದು. ನೆರೆಯವರು ಬಾಗಿಲಿಗೆ ಬಂದು ನೋಡಿದಿರಾ ಎಂದು ಕೇಳಿದರೆ, ನೋಡಿದ್ದನ್ನು ನೋಡಿದೆ ಎನ್ನಿ.

ಈ ಪತ್ರವನ್ನು ನಿಮ್ಮ ತಂದೆಯವರಿಗೂ ಓದಿ ಹೇಳಿ, ಅವರಿಗೆ ನನ್ನ ನಮಸ್ಕಾರಗಳು. ಬಂದಿಳಿಯುವ ದಿನವನ್ನು ಮುಂಚೆಯೇ ತಿಳಿಸಿದರೆ ನಿಲ್ದಾಣಕ್ಕೆ ಬರುತ್ತೇನೆ. ನೀವು ಕಾರು ಕೊಂಡ ಮೊದಲ ವಾರ, ಸಂಜೆಯ ಹೊತ್ತು, ಪಕ್ಕದ ಆಸನದಲ್ಲಿ ನಾನು ಕುಳಿತಿರುತ್ತೇನೆ.