ನನ್ನ ಪಾಠ ಎಲ್ಲ ಮಕ್ಕಳಿಗೂ ಒಂದೇ ಸಮ ತಲುಪುತ್ತಿದೆಯಾ ಅಂತ ನೋಡುವುದು ಹೇಗೆ?

ಚಿಕ್ಕಮಗಳೂರಿನ ಡಿಗ್ರಿ ಕಾಲೇಜಿಗೆ ಈ ವರ್ಷ ಅತಿಥಿ ಉಪನ್ಯಾಸಕರಾಗಿ ಸೇರಿದ್ದೀರಿ. ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ಕೆಲಸಕ್ಕೆ ಅಂತ, ನಿಮ್ಮ ಕ್ಲಾಸಿನಲ್ಲಿ ಸಮಾನತೆ ಎಷ್ಟಿದೆ, ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದೀರಾ ಅಂತ ಒಂದು ಪುಟ ಬರೆದುಕೊಡಲು ಪ್ರಿನ್ಸಿಪಾಲರು ಹೇಳಿದ್ದಾರೆ. ಫೀಡ್‌ಬ್ಯಾಕ್ ಫಾರಂನಲ್ಲಿ ಎಲ್ಲರೂ 'ಚೆನ್ನಾಗಿದೆ' ಅಂತಲೇ ಟಿಕ್ ಹಾಕಿದ್ದಾರೆ, ಇನ್ನೇನು ನೋಡಲಿ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ, ನಮ್ಮ ಮಕ್ಕಳೂ ನಿಮ್ಮ ಮಕ್ಕಳ ಥರಾನೇ ಸುತ್ತಲಿನ ಹಳ್ಳಿ, ಎಸ್ಟೇಟುಗಳಿಂದ ಬರುವವರು.

ಆ ಫಾರಂ ಪಕ್ಕಕ್ಕಿಡಿ. ಇಂಟರ್ನಲ್ ಮಾರ್ಕ್ಸ್ ಕೊಡುವ ಮೇಷ್ಟ್ರ ಬಗ್ಗೆ ಅವರ ಎದುರಲ್ಲೇ ಕೂತು ಯಾರು ತಾನೇ ಕೆಟ್ಟದಾಗಿ ಬರೆಯುತ್ತಾರೆ? ನಿಜವಾಗಿ ಕಷ್ಟದಲ್ಲಿರುವವರು ಅವತ್ತು ಕ್ಲಾಸಿಗೇ ಬಂದಿರುವುದಿಲ್ಲ.

ಮೊದಲು ಹಾಜರಾತಿ ತೆಗೆದು ನೋಡಿ. ಒಟ್ಟು ಶೇಕಡಾ ಬೇಡ, ಯಾವ ಪೀರಿಯಡ್, ಯಾವ ತಿಂಗಳು, ಯಾವ ಊರಿನವರು ಅಂತ ನೋಡಿ. ಬೆಳಗಿನ ಮೊದಲ ಪೀರಿಯಡ್ಡಿಗೆ ಸದಾ ಅದೇ ನಾಲ್ಕೈದು ಮಕ್ಕಳು ಇರುವುದಿಲ್ಲ ಅಂದರೆ ಬಸ್ಸಿನ ವೇಳೆ ವಿಚಾರಿಸಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸು ಫ್ರೀ, ಆದರೆ ಮಲೆನಾಡಿನ ಒಳಗಿನ ಎಷ್ಟೋ ಊರುಗಳಿಗೆ ಈಗಲೂ ಖಾಸಗಿ ಬಸ್ಸೇ ಗತಿ, ಅಲ್ಲಿ ಆ ಟಿಕೆಟ್ ನಡೆಯುವುದಿಲ್ಲ. ಹಾಗೇ ಡಿಸೆಂಬರ್, ಜನವರಿ ನೋಡಿ. ಕಾಫಿ ಕುಯ್ಲು ಜೋರಾಗಿರುವ ಹೊತ್ತು ಲೈನ್ ಮನೆಯ (ಎಸ್ಟೇಟ್ ಕೂಲಿಯವರ ಸಾಲುಮನೆಯ) ಮಕ್ಕಳು ಎಷ್ಟೋ ಸಲ ಅಪ್ಪ ಅಮ್ಮನ ಜೊತೆ ಹಣ್ಣು ಕುಯ್ಯಲು ಹೋಗುತ್ತಾರೆ. ಅದೇ ವಾರ ಟೆಸ್ಟ್ ಇಟ್ಟು, ಬರದವರಿಗೆ ಸೊನ್ನೆ ಹಾಕಿದರೆ ಆ ಅಂಕ ಏನನ್ನು ಅಳೆಯಿತು?

ಆಮೇಲೆ ಅಂಕಗಳಿಗೆ ಬನ್ನಿ, ನನ್ನ ಪ್ರಕಾರ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲೇ. ಕ್ಲಾಸಿನ ಸರಾಸರಿಯಿಂದ ಏನೂ ತಿಳಿಯುವುದಿಲ್ಲ. ಪಿಯುಸಿ ಕನ್ನಡದಲ್ಲಿ ಓದಿದವರು, ಇಂಗ್ಲಿಷಿನಲ್ಲಿ ಓದಿದವರು, ಹುಡುಗಿಯರು, ಹುಡುಗರು, ಹಾಸ್ಟೆಲ್ಲಿನವರು, ದಿನಾ ಬಸ್ಸಲ್ಲಿ ಓಡಾಡುವವರು ಹೀಗೆ ಬೇರೆ ಬೇರೆ ಮಾಡಿ, ಯಾವ ಪ್ರಶ್ನೆಯಲ್ಲಿ ಯಾರಿಗೆ ಅಂಕ ಹೋಗಿದೆ ಅಂತ ನೋಡಿ. ನಮ್ಮಲ್ಲೊಂದು ಟೆಸ್ಟಿನಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪ್ರಶ್ನೆ ಇತ್ತು, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟರ ಮಟ್ಟಿಗೆ ಬದಲಾಗುತ್ತದೆ ಅನ್ನುವುದು. ಉತ್ತರವನ್ನು ಕನ್ನಡದಲ್ಲಿ ಬರೆಯಬಹುದಿತ್ತು, ಪ್ರಶ್ನೆ ಮಾತ್ರ ಇಂಗ್ಲಿಷಿನಲ್ಲಿತ್ತು. ಅರಕಲಗೂಡು ಕಡೆಯ ಹುಡುಗಿಯೊಬ್ಬಳಿಗೆ 10ಕ್ಕೆ 3 ಬಂದಿತ್ತು. ಉತ್ತರ ಓದಿದರೆ ವಿಷಯವೇ ಬೇರೆ, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಅನ್ನುವ ಬೇಡಿಕೆಯ ನಿಯಮವನ್ನು ನೀಟಾಗಿ ಬರೆದಿಟ್ಟಿದ್ದಾಳೆ. ಕರೆದು ಕನ್ನಡದಲ್ಲಿ ಕೇಳಿದೆ. "ಬೆಲೆ ಜಾಸ್ತಿ ಆಯ್ತು ಅಂತ ಮನೇಲಿ ಉಪ್ಪು ಹಾಕೋದು ಬಿಡಲ್ಲ ಸಾರ್, ಬೇಕರಿಗೆ ಹೋಗೋದು ಬಿಡ್ತೀವಿ" ಅಂದಳು. ಪಾಠ ಅವಳಿಗೆ ಪೂರ್ತಿ ತಲುಪಿದೆ, ಪ್ರಶ್ನೆ ತಲುಪಿಲ್ಲ. ಮುಂದಿನ ಟೆಸ್ಟಿಗೆ ಎರಡೂ ಭಾಷೆಯಲ್ಲಿ ಪ್ರಶ್ನೆ ಅಚ್ಚು ಹಾಕಿಸಿದೆವು, ಅಂಥ ತಪ್ಪು ಉತ್ತರಗಳು ಎದ್ದು ಕಾಣುವಷ್ಟು ಕಮ್ಮಿಯಾದವು. ಪಠ್ಯ ಸುಲಭ ಮಾಡಲಿಲ್ಲ, ಮೌಲ್ಯಮಾಪನ ಸಡಿಲ ಮಾಡಲಿಲ್ಲ.

ಜಾತಿ ವಿಚಾರದಲ್ಲಿ ತುಂಬಾ ಎಚ್ಚರ. ಕ್ಲಾಸಿನಲ್ಲಿ ಕೈ ಎತ್ತಿಸಬೇಡಿ, ಸ್ಕಾಲರ್‌ಶಿಪ್ ಪಟ್ಟಿಯನ್ನು ಜೋರಾಗಿ ಓದಬೇಡಿ. ಕ್ಲಾಸಿನಲ್ಲಿ ವಿದ್ಯಾರ್ಥಿಗಳ ಜಾತಿ ಹೇಳುವುದು, ಮೀಸಲಾತಿಯವರು ಅಂತ ಹಣೆಪಟ್ಟಿ ಹಚ್ಚುವುದು ತಾರತಮ್ಯ ಅಂತ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2012ರ ನಿಯಮಗಳಲ್ಲೇ ಬರೆದಿದೆ. ಅಡ್ಮಿಷನ್ ವಿವರ ಆಫೀಸಿನಲ್ಲಿ ಇದ್ದೇ ಇರುತ್ತದೆ. ಪ್ರಿನ್ಸಿಪಾಲರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಗುಂಪುವಾರು ಅಂಕ ಮಾತ್ರ ತೆಗೆಸಿ. ಒಂದು ಗುಂಪಿನಲ್ಲಿ ಮೂರೇ ಮಕ್ಕಳಿದ್ದರೆ ಶೇಕಡಾ ಲೆಕ್ಕಕ್ಕೆ ಅರ್ಥವಿಲ್ಲ, ವರದಿಯಲ್ಲಿ ಹಾಕಿದರೆ ಅವರು ಯಾರು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಅಂಗವಿಕಲ ಮಕ್ಕಳ ಬಗ್ಗೆ 2016ರ ಕಾಯಿದೆ ಇದೆ, ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಅವರಿಗೆ. ಬರೆಯಲು ಸಹಾಯಕರು ಬೇಕಾದವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಸೆಮಿಸ್ಟರ್ ಪರೀಕ್ಷೆಗೆ ಕೊಟ್ಟು, ಇಂಟರ್ನಲ್ ಟೆಸ್ಟಿನಲ್ಲಿ ಮರೆತುಬಿಡುವುದುಂಟು, ಅದನ್ನು ವಿಚಾರಿಸಿ.

ಇನ್ನೊಂದು, ಸಹೋದ್ಯೋಗಿಯೊಬ್ಬರನ್ನು ಒಂದು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂರಿಸಿ. ನಿಮ್ಮ ಪಾಠ ಹೇಗಿತ್ತು ಅಂತ ಅವರು ಹೇಳುವುದು ಬೇಡ. ನೀವು ಯಾರನ್ನು ಪ್ರಶ್ನೆ ಕೇಳಿದಿರಿ, ಯಾರು ಮಾತಾಡಿದರು, ಯಾರಿಗೆ ಯೋಚಿಸಲು ಪುರುಸೊತ್ತು ಕೊಟ್ಟಿರಿ ಅಂತ ಸುಮ್ನೆ ಗೆರೆ ಎಳೆಯುತ್ತಾ ಹೋಗಲಿ. ಮುಂದಿನ ಎರಡು ಸಾಲು ಬಿಟ್ಟು ಹಿಂದಕ್ಕೆ ನಾವು ಎಷ್ಟು ಕಮ್ಮಿ ನೋಡುತ್ತೇವೆ ಅಂತ ಆ ಹಾಳೆಯಲ್ಲಿ ಕಾಣುತ್ತದೆ.

ನೀವು ಬರೆಯುವ ಪುಟದಲ್ಲಿ ಯಾವ ಅಂತರ ಕಂಡಿತು, ಏನು ಬದಲಾಯಿಸಿದಿರಿ, ಆಮೇಲೆ ಏನಾಯಿತು ಅಂತ ಇದ್ದರೆ ಸಾಕು. ಅಂತರ ಹಾಗೇ ಉಳಿದಿದ್ದರೆ ಅದನ್ನೂ ಬರೆಯಿರಿ. ಈ ಸೆಮಿಸ್ಟರಿನ ಮೊದಲ ಟೆಸ್ಟ್ ಪೇಪರುಗಳನ್ನು ಇನ್ನೂ ಮಕ್ಕಳಿಗೆ ವಾಪಸ್ ಕೊಟ್ಟಿಲ್ಲ ಅಂದರೆ, ಕೊಡುವ ಮುಂಚೆ ಪ್ರಶ್ನೆವಾರು ಅಂಕಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ, ಎರಡನೇ ಟೆಸ್ಟ್ ಆದಾಗ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.