ಕೆಲಸದ ಮೇಲೆ ಊರು ಬಿಟ್ಟಾಗ ಮಗಳು ಅಜ್ಜಿ ಮನೆಗೋ, ಅಪ್ಪನ ಮನೆಗೋ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ. ಇಬ್ಬರೂ ಒಪ್ಪಿ ವಿಚ್ಛೇದನ ಪಡೆದು ಎರಡು ವರ್ಷವಾಯ್ತು. ಏಳು ವರ್ಷದ ಮಗಳು ಒಂದು ವಾರ ನನ್ನ ಹತ್ತಿರ, ಒಂದು ವಾರ ಅವಳ ಅಪ್ಪನ ಹತ್ತಿರ. ಕೋರ್ಟ್ ಆದೇಶದಲ್ಲೂ ಹಾಗೇ ಇದೆ. ತಿಂಗಳಿಗೊಮ್ಮೆ ಮೂರ್ನಾಲ್ಕು ದಿನ ಆಫೀಸ್ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕು. ಆಗ ಅವಳನ್ನು ತೀರ್ಥಹಳ್ಳಿಯ ಅಮ್ಮನ ಮನೆಯಲ್ಲಿ ಬಿಡುತ್ತೇನೆ. ಸ್ಕೂಲ್ ತಪ್ಪುತ್ತದೆ, ನಿಜ. "ಅಪ್ಪ ಇದೇ ಊರಲ್ಲಿರುವಾಗ ಅಜ್ಜಿ ಮನೆ ಯಾಕೆ? ಕೋರ್ಟಿಗೆ ಹೋಗ್ತೀನಿ" ಎನ್ನುತ್ತಾರೆ. ಅವರಿಗೆ ಆ ಹಕ್ಕಿದೆಯಾ?

ಉತ್ತರ: ಮೊದಲು ಆದೇಶದ ಪ್ರತಿ ತೆಗೆದು ಓದಿ. ಒಬ್ಬರು ಊರಲ್ಲಿ ಇಲ್ಲದಾಗ ಮಗು ಎಲ್ಲಿರಬೇಕು ಅಂತ ಒಂದು ಸಾಲಾದರೂ ಇದೆಯಾ ನೋಡಿ. ಎಷ್ಟೋ ಆದೇಶಗಳಲ್ಲಿ ಇರುವುದಿಲ್ಲ. ಬೇರೆಯವರ ಹತ್ತಿರ ಬಿಡುವ ಮುಂಚೆ ಇನ್ನೊಬ್ಬರನ್ನು ಕೇಳಲೇಬೇಕು ಎಂಬ ಷರತ್ತು ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮ ಕಾಯ್ದೆಯಲ್ಲಿ ಅದು ತಾನಾಗಿ ಸಿಗುವ ಹಕ್ಕಲ್ಲ. ಆದೇಶದಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮ ವಾರದಲ್ಲಿ ಮಗು ಅಜ್ಜಿ ಹತ್ತಿರ ಇದ್ದ ಮಾತ್ರಕ್ಕೆ ನೀವು ಕಸ್ಟಡಿ ಬಿಟ್ಟುಕೊಟ್ಟ ಹಾಗೆ ಆಗುವುದಿಲ್ಲ.

ಇಷ್ಟು ಕೇಳಿ ನಿರಾಳವಾಗಬೇಡಿ. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನ ಆಗಿದೆ ಎಂದುಕೊಂಡು ಹೇಳುತ್ತೇನೆ. 1955ರ ಆ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಮಕ್ಕಳ ಕುರಿತ ಆದೇಶವನ್ನು ಡಿಕ್ರಿ, ಅಂದರೆ ವಿಚ್ಛೇದನದ ತೀರ್ಪು, ಆದ ಮೇಲೂ ಬದಲಾಯಿಸಿ ಅಂತ ಕೇಳಬಹುದು. ಹಾಗಾಗಿ ಅವರು ಅರ್ಜಿ ಹಾಕಬಹುದು. ಆಗ ಜಡ್ಜ್ ನೋಡುವುದು ಯಾರ ಹಕ್ಕು ದೊಡ್ಡದು ಅಂತಲ್ಲ, ಮಗುವಿಗೆ ಯಾವುದು ಒಳ್ಳೆಯದು ಅಂತ. ಕೆಲಸಕ್ಕೆ ಹೊರಗೆ ಹೋಗುವುದು ನಿಮ್ಮ ತಪ್ಪಲ್ಲ. ಸ್ಕೂಲ್ ತಪ್ಪುವುದೇ ನಿಮ್ಮ ವಾದದ ದುರ್ಬಲ ಜಾಗ. ಅಪ್ಪನ ಮನೆ ಅದೇ ಊರಲ್ಲಿರುವಾಗ ಪ್ರತಿ ತಿಂಗಳು ಮೂರು ದಿನ ಕ್ಲಾಸ್ ಯಾಕೆ ತಪ್ಪಿಸಿದಿರಿ ಅಂದರೆ ಏನು ಹೇಳುತ್ತೀರಿ? ಈ ಒಂದು ವಿಷಯದಲ್ಲಿ ಅವರ ಮಾತು ಸರಿ ಅನ್ನಿಸುತ್ತದೆ ನನಗೆ. ಬೇಸರ ಮಾಡಿಕೊಳ್ಳಬೇಡಿ.

ಅವರು ಕೋರ್ಟಿಗೆ ಹೋಗುವ ಮುಂಚೆ ನೀವೇ ಮಾತು ತೆಗೆದು, ಹೀಗೊಂದು ಒಪ್ಪಂದ ಮಾಡಿಕೊಳ್ಳಿ. ಸ್ಕೂಲ್ ಇರುವ ದಿನಗಳಲ್ಲಿ ಎರಡು ರಾತ್ರಿಗಿಂತ ಜಾಸ್ತಿ ಹೊರಗಿದ್ದರೆ ಮೊದಲು ಅಪ್ಪನನ್ನು ಕೇಳುವುದು. ಅವರು ಒಂದು ದಿನದೊಳಗೆ ಹೌದು, ಇಲ್ಲ ಹೇಳುವುದು. ಆಗಲ್ಲ ಅಂದರೆ ಅಜ್ಜಿಯೇ ಶಿವಮೊಗ್ಗಕ್ಕೆ ಬಂದು ನಿಮ್ಮ ಮನೆಯಲ್ಲಿರುವುದು. ಹೀಗೆ ಮಗಳು ಅಪ್ಪನ ಹತ್ತಿರ ಕಳೆದ ನಿಮ್ಮ ದಿನಗಳನ್ನು ಮುಂದಿನ ವಾರ ನಿಮಗೆ ತುಂಬಿಕೊಡುವುದು. ಈ ಕೊನೆಯದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಪ್ರತಿ ಸಲ ಹೋಗಿ ಬಂದಾಗಲೂ ನಿಮ್ಮ ಪಾಲು ಸವೆಯುತ್ತದೆ. ಇದೇ ನಿಯಮ ಅವರು ಊರು ಬಿಟ್ಟಾಗಲೂ ಇರಲಿ.

ಇದನ್ನು ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕಿ ಬೀರುವಿನಲ್ಲಿಟ್ಟರೆ ಸಾಲದು. ನಮ್ಮ ಕಡೆ ಬಾಂಡ್ ಪೇಪರ್ ಮೇಲೆ ಎಲ್ಲಿಲ್ಲದ ನಂಬಿಕೆ! ಮಗುವಿನ ವಿಷಯದಲ್ಲಿ ಅದು ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಆದೇಶ ಕೊಟ್ಟ ಕೋರ್ಟಿಗೇ ಇಬ್ಬರೂ ಸೇರಿ ಅರ್ಜಿ ಕೊಟ್ಟು, ಆದೇಶದಲ್ಲಿ ಸೇರಿಸಿಕೊಳ್ಳಿ. ಅಲ್ಲಿಯವರೆಗೆ ಹೋಗುವ, ಬರುವ ದಿನಗಳನ್ನು ವಾಟ್ಸಾಪ್‌ನಲ್ಲಿ ಮುಂಚೆಯೇ ತಿಳಿಸಿ. ಸಿಟ್ಟಿನ ಒಂದು ಪದವೂ ಬೇಡ. ನಾಳೆ ಅದನ್ನೇ ಜಡ್ಜ್ ಓದಬಹುದು, ಅಲ್ವಾ?

ವಕೀಲರ ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಹಾಗೇ, ಮಲೆನಾಡಿನವರು ಇನ್ನೊಂದು ಸಾಲು ಬರೆಸಿಕೊಳ್ಳಬೇಕು. ಜುಲೈ ಮಳೆಗೆ ಬೆಳಿಗ್ಗೆ ದಿಢೀರನೆ ರಜೆ ಕೊಟ್ಟು, ನೀವು ಬೆಂಗಳೂರಿನಲ್ಲಿದ್ದರೆ, ಅವತ್ತು ಮಗಳು ಯಾರ ಮನೆಯಲ್ಲಿರಬೇಕು ಅಂತ.