ಸೇಡಲ್ಲ, ಗಾಬರಿ

ಪ್ರಶ್ನೆ: ಬೆಂಗಳೂರಿನಲ್ಲಿ ಫ್ಲ್ಯಾಟ್ ನಮ್ಮದು. ಮಾವ ಮುದ್ದಿನಿಂದ ಸಾಕಿದ್ದ ನಾಲ್ಕು ವರ್ಷದ ನಾಯಿ ಇದೆ. ಅವರು ತೀರಿಕೊಂಡ ಮೇಲೆ ಹಗಲಿಡೀ ಒಂಟಿ. ನಾವು ಆಫೀಸಿಗೆ ಹೊರಟರೆ ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ, ಒಳಗೇ ಉಚ್ಚೆ ಮಾಡುತ್ತದೆ. ಅಕ್ಕಪಕ್ಕದವರ ದೂರು ತಪ್ಪಿದ್ದಲ್ಲ. ‘ಬೇಕಂತಲೇ ಮಾಡುತ್ತೆ, ಮುಖ ನೋಡು, ತಪ್ಪು ಗೊತ್ತಿದೆ’ ಅಂತ ನಮ್ಮವರು ಸಂಜೆ ಎರಡು ಬಾರಿಸುತ್ತಾರೆ. ಸಕಲೇಶಪುರದ ನೆಂಟರ ತೋಟಕ್ಕೆ ಬಿಟ್ಟುಬರೋಣ ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಏಟು ನಿಲ್ಲಲಿ. ಬೆಳಿಗ್ಗೆ ಮಾಡಿದ್ದಕ್ಕೆ ಸಂಜೆ ಬಿದ್ದ ಏಟಿನ ಲೆಕ್ಕ ನಾಯಿಗೆ ಹತ್ತುವುದಿಲ್ಲ. ಅದು ಕಲಿಯುವುದು ಒಂದೇ, ಇವರು ಬಂದರೆ ಹೊಡೆತ. ಇನ್ನು ಆ ತಪ್ಪಿತಸ್ಥ ಮುಖ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಏನೂ ತಪ್ಪು ಮಾಡದ ನಾಯಿಗಳೂ ಗದರಿದಾಗ ಅದೇ ಮುಖ ಮಾಡಿದವು. ಅದು ಹೆದರಿಕೆ ಅಷ್ಟೆ.

ಸೋಫಾ, ಚಪ್ಪಲಿ ಅಂತ ಸಿಕ್ಕಿದ್ದನ್ನೆಲ್ಲ ಕಡಿದಿದ್ದರೆ ಬೇಜಾರಿಗೆ ಅನ್ನಬಹುದಿತ್ತು. ಇದು ನೀವು ಹೋದ ಬಾಗಿಲನ್ನೇ ಕೆರೆಯುತ್ತಿದೆ. ಮಾವ ಸದಾ ಮನೆಯಲ್ಲಿದ್ದರು, ಹಾಗಾಗಿ ಒಂಟಿಯಾಗಿರುವುದನ್ನು ಅದು ಕಲಿತೇ ಇಲ್ಲ. ಹಳೆಯ ಮೊಬೈಲಿನಲ್ಲಿ ವಿಡಿಯೊ ಇಟ್ಟು ಹೋಗಿ. ಹೊರಟ ಅರ್ಧ ಗಂಟೆಯೊಳಗೇ ಶುರುವಾದರೆ ಇದು ಒಂಟಿತನದ ಗಾಬರಿಯೇ ಇರಬೇಕು. ಆ ವಿಡಿಯೊ ನಿಮ್ಮವರಿಗೂ ತೋರಿಸಿ, ನನ್ನ ಮಾತಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಪಶುವೈದ್ಯರನ್ನೂ ಕಾಣಿ. ಮೂತ್ರದ ಸೋಂಕಿದ್ದರೂ ನಾಯಿಗಳು ಒಳಗೆ ಉಚ್ಚೆ ಮಾಡುತ್ತವೆ. ಗಾಬರಿ ತೀರಾ ಹೆಚ್ಚಿದ್ದರೆ ಅದಕ್ಕೂ ಮಾತ್ರೆಗಳಿವೆ.

ಆಮೇಲೆ ಅಭ್ಯಾಸ. ಬೀಗದ ಕೈ ತೆಗೆದುಕೊಳ್ಳಿ, ಚಪ್ಪಲಿ ಮೆಟ್ಟಿಕೊಳ್ಳಿ, ಎಲ್ಲೂ ಹೋಗದೆ ಸುಮ್ನೆ ಬಂದು ಕೂತುಬಿಡಿ. ಕೀ ಸದ್ದಿಗೆ ಅದು ತಲೆ ಎತ್ತದ ಹಾಗಾದಾಗ ಬಾಗಿಲಾಚೆ ಕೆಲವು ಸೆಕೆಂಡು ನಿಂತು ಬನ್ನಿ. ನಿಧಾನಕ್ಕೆ ಒಂದು ನಿಮಿಷ, ಐದು ನಿಮಿಷ. ಅದು ಗಾಬರಿಯಾಗುವ ಮೊದಲೇ ವಾಪಸಾಗಬೇಕು, ಗುಟ್ಟಿರುವುದು ಅಲ್ಲೇ. ವಾರಗಟ್ಟಲೆ, ಕೆಲವಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ಮಧ್ಯೆ ಇಡೀ ದಿನ ಒಂಟಿ ಬಿಟ್ಟರೆ ಕಲಿಸಿದ್ದೆಲ್ಲ ನೀರಲ್ಲಿ ಹೋಮ. ಇಬ್ಬರೂ ಸರದಿಯಲ್ಲಿ ಮನೆಯಿಂದ ಕೆಲಸ ಮಾಡಲಾದೀತಾ ನೋಡಿ. ಇಲ್ಲವೇ ಹಗಲು ನಾಯಿ ನೋಡಿಕೊಳ್ಳುವವರನ್ನು ಹುಡುಕಿ. ಹೊರಡುವ ಮುಂಚೆ ಚೆನ್ನಾಗಿ ವಾಕಿಂಗ್ ಆಗಲಿ. ಜೊತೆಗಿರಲಿ ಅಂತ ಇನ್ನೊಂದು ನಾಯಿ ಮಾತ್ರ ತರಬೇಡಿ. ಇದಕ್ಕೆ ಬೇಕಿರುವುದು ಮನುಷ್ಯರು.

ತೋಟದಲ್ಲಿ ಹಾಯಾಗಿರುತ್ತದೆ ಎನ್ನುವುದು ನಾವು ನಮಗೇ ಹೇಳಿಕೊಳ್ಳುವ ಸಮಾಧಾನ. ಒಂಟಿಯಿರಲಾರದ ನಾಯಿಯನ್ನು ಅಲ್ಲಿ ಶೆಡ್ಡಿಗೆ ಕಟ್ಟಿದರೆ? ಬಿಟ್ಟರಂತೂ ಚಿರತೆ ಭಯ. ಮಲೆನಾಡಿನಲ್ಲಿ ಚಿರತೆ ನಾಯಿ ಹೊತ್ತೊಯ್ಯುವುದು ಹೊಸ ಸುದ್ದಿಯೇನಲ್ಲ, ಅಲ್ವಾ?

ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕಬೇಡಿ ಎನ್ನುವ ಹಾಗಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ನಿಮ್ಮ ಕಡೆಗಿದೆ. ಹಾಗಂತ ಅದನ್ನು ಹಿಡಿದು ಜಗಳಕ್ಕೆ ಇಳಿಯಬೇಡಿ. ದಿನವಿಡೀ ಊಳು ಕೇಳುವುದು ಅವರಿಗೂ ಹಿಂಸೆಯೇ. ಚಿಕಿತ್ಸೆ ಶುರು ಮಾಡಿದ್ದೇವೆ ಎಂದು ಹೋಗಿ ಹೇಳಿ. ಊಳು ಎಷ್ಟು ಗಂಟೆಗೆ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದೇ ಅದನ್ನು.